ಬಣ್ಣ ಸರಿ, ಬೆಳಕೇ ಸಾಲದು

ಬಿಸಿಲು ಬೀಳದ ಅಪಾರ್ಟ್‌ಮೆಂಟುಗಳಲ್ಲಿ ಈಗ ಗ್ರೋ ಲೈಟ್‌ಗಳದೇ ಕಾರುಬಾರು. ಕೆಂಪು, ನೀಲಿ ಎಲ್‌ಇಡಿಗಳು ಬೆರೆತು ಮೂಲೆಯ ಕುಂಡಕ್ಕೆಲ್ಲ ನೇರಳೆ ಬಣ್ಣ ಬಳಿಯುತ್ತವೆ. ಡಬ್ಬಿಯ ಮೇಲೊಂದು ಗ್ರಾಫ್: ಪತ್ರಹರಿತ್ತು ಹೀರುವುದು ನೀಲಿ ಮತ್ತು ಕೆಂಪನ್ನು, ಹಾಗಾಗಿ ಗಿಡಕ್ಕೆ ಹಸಿರು ಬೆಳಕು ಬೇಡ ಎಂಬ ವಾದ.

ಈ ವಾದ ಅರ್ಧ ನಿಜ. ಆ ಗ್ರಾಫ್ ಎಲೆಯದ್ದಲ್ಲ, ಎಲೆಯಿಂದ ಬೇರ್ಪಡಿಸಿ ದ್ರಾವಣದಲ್ಲಿ ಕರಗಿಸಿದ ಪತ್ರಹರಿತ್ತಿನದು. ವಿಜ್ಞಾನಿ ಕೀತ್ ಮೆಕ್ರೀ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 22 ಬೆಳೆಗಳ ಎಲೆಗಳನ್ನೇ ಪರೀಕ್ಷಿಸಿದ್ದರು. 400ರಿಂದ 700 ನ್ಯಾನೋಮೀಟರ್‌ವರೆಗಿನ ಎಲ್ಲ ಬಣ್ಣಗಳೂ ದ್ಯುತಿಸಂಶ್ಲೇಷಣೆಗೆ ಒದಗುತ್ತವೆ ಎಂಬುದು ಅದರಲ್ಲಿ ಕಂಡಿತು. ಕೆಂಪಿನ ಕೈ ಮೇಲು, ಸರಿ, ಹಸಿರೂ ದಂಡವಲ್ಲ. ಕೆಂಪು, ನೀಲಿ ಬಹುಪಾಲು ಎಲೆಯ ಮೇಲ್ಪದರದಲ್ಲೇ ಮುಗಿದುಹೋದರೆ, ಹಸಿರು ಇನ್ನಷ್ಟು ಒಳಕ್ಕಿಳಿದು ಅಲ್ಲಿನ ಕೋಶಗಳಿಗೆ ಕೆಲಸ ಕೊಡುತ್ತದೆ.

ಹಾಗೆ ನೋಡಿದರೆ ಬಿಳಿ ಎಲ್‌ಇಡಿಯೇ ಸಾಕು. ಅದರೊಳಗಿರುವುದು ನೀಲಿ ಚಿಪ್. ಮೇಲಿನ ಫಾಸ್ಫರ್ ಲೇಪ ಆ ನೀಲಿಯ ಬಹುಭಾಗವನ್ನು ಹಸಿರು, ಹಳದಿ, ಕೆಂಪಾಗಿ ಬದಲಿಸುತ್ತದೆ. ಕರೆಂಟ್ ಬಿಲ್ಲಿನಲ್ಲೇ ಲಾಭನಷ್ಟ ತೀರ್ಮಾನವಾಗುವ ಒಳಾಂಗಣ ಕೃಷಿಗೆ ಕೆಂಪು ಹೆಚ್ಚಿರುವ ದೀಪ ಲೆಕ್ಕಕ್ಕೆ ಸರಿ. ಮನೆಯಲ್ಲಿ ಅದರಿಂದ ತೊಂದರೆಯೇ ಹೆಚ್ಚು: ನೇರಳೆ ಬೆಳಕಿನಲ್ಲಿ ಹಸಿರೆಲೆ ಕಪ್ಪಾಗಿ ಕಾಣುತ್ತದೆ, ಹಳದಿ ತಿರುಗಿದ್ದಾಗಲಿ ಕಾಂಡದಲ್ಲಿ ಹಿಟ್ಟು ತಿಗಣೆ ಕೂತಿದ್ದಾಗಲಿ ಗೊತ್ತಾಗುವುದೇ ಇಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿ ಸೊಪ್ಪು ಬೆಳೆಯುವ ನಾಸಾದ ‘ವೆಜ್ಜಿ’ಯಲ್ಲೂ ಕೆಂಪು, ನೀಲಿಯ ಜೊತೆ ಹಸಿರು ಎಲ್‌ಇಡಿ ಇದೆ.

ನಿಜವಾದ ಕೊರತೆ ಇರುವುದು ಬೆಳಕಿನ ಪ್ರಮಾಣದಲ್ಲಿ. ನಡುಹಗಲಿನ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. 9 ವಾಟಿನ ಬಲ್ಬಿನ ಸುಮಾರು 900 ಲ್ಯೂಮೆನ್ ಬೆಳಕು ಒಂದೇ ಒಂದು ಚದರ ಮೀಟರಿನ ಮೇಲೆ ಪೂರ್ತಿ ಬಿದ್ದರೂ ಸಿಗುವುದು 900 ಲಕ್ಸ್. ಕತ್ತಲಿಗೆ ಹೊಂದಿಕೊಳ್ಳುವ ನಮ್ಮ ಕಣ್ಣಿಗೆ ಈ ಅಂತರ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ. ದೀಪವನ್ನು ಒಂದಡಿಯಿಂದ ಎರಡಡಿಗೆ ಎತ್ತಿದರೆ ಎಲೆಗೆ ಸಿಗುವ ಬೆಳಕು ಹೆಚ್ಚುಕಡಿಮೆ ಕಾಲುಭಾಗಕ್ಕೆ ಇಳಿಯುತ್ತದೆ. ಕೊತ್ತಂಬರಿ ಸಸಿ ನೂಲಿನಂತೆ ಉದ್ದಕ್ಕೆ ಬೆಳೆದು ಮಗುಚಿಬಿದ್ದರೆ ಬಣ್ಣವನ್ನು ದೂರಿ ಫಲವಿಲ್ಲ, ಅದಕ್ಕೆ ಬೆಳಕು ಸಾಲದಾಗಿದೆ.

ಜಾಹೀರಾತುಗಳು ಮರೆಮಾಚುವುದೂ ಇದನ್ನೇ. ‘1000 ವಾಟ್’ ಎಂದು ಮಾರುವ ಎಷ್ಟೋ ದೀಪಗಳು ಎಳೆಯುವ ವಿದ್ಯುತ್ ಅದರ ಒಂದು ಸಣ್ಣ ಪಾಲು; ಹಳೆಯ ಕಾಲದ ಯಾವುದೋ ದೀಪಕ್ಕೆ ‘ಸಮ’ ಎಂಬ ಲೆಕ್ಕ ಅದು. ಕೊಳ್ಳುವಾಗ ಕೇಳಬೇಕಾದ್ದು ಎರಡೇ: ನಿಜಕ್ಕೂ ಎಷ್ಟು ವಾಟ್ ಎಳೆಯುತ್ತದೆ, ಒಂದಡಿ ದೂರದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ (ಗಿಡ ಬಳಸುವ ಬೆಳಕಿನ ಅಳತೆ) ಬೆಳಕು ಬೀಳುತ್ತದೆ. ಎರಡಕ್ಕೂ ಉತ್ತರವಿಲ್ಲದ ಡಬ್ಬಿಯನ್ನು ಅಂಗಡಿಯಲ್ಲೇ ಬಿಡುವುದು ಲೇಸು.

ಮನಿ ಪ್ಲಾಂಟ್‌ಗೆ ಸಾಧಾರಣ ಬಿಳಿ ಎಲ್‌ಇಡಿಯನ್ನು ಹತ್ತಿರಕ್ಕೆ ಇಳಿಸಿ ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೆ ನಡೆಯುತ್ತದೆ. ತುಳಸಿ, ಟೊಮೇಟೊಗೆ ಅಂಥ ಒಂದು ಬಲ್ಬ್ ಏನೂ ಸಾಲದು. ಬಾಲ್ಕನಿಯಲ್ಲಿ ನಾಲ್ಕು ಗಂಟೆ ಬಿಸಿಲು ಬರುವಂತಿದ್ದರೆ ಕುಂಡವನ್ನು ಅಲ್ಲಿಗೆ ಸಾಗಿಸಿ. ಆ ಬಿಸಿಲಿಗೆ ಬಿಲ್ ಇಲ್ಲ.