ಫಾಂಜಿಯೋ, ಕ್ಲಾರ್ಕ್, ಹ್ಯಾಮಿಲ್ಟನ್: ಯಾವ ಅಳತೆಗೋಲು?

ಫಾರ್ಮುಲಾ ಒನ್ ಅಭಿಮಾನಿಗಳಲ್ಲಿ ಎರಡು ಪಂಥಗಳಿವೆ. ಒಂದಕ್ಕೆ ಅಂಕಿಸಂಖ್ಯೆಯೇ ಪ್ರಮಾಣ, ಇನ್ನೊಂದಕ್ಕೆ ಹಳೆಯದೆಲ್ಲ ಹೊನ್ನು. ಸಾರ್ವಕಾಲಿಕ ಶ್ರೇಷ್ಠ ಚಾಲಕನನ್ನು ಹುಡುಕುವಲ್ಲಿ ಎರಡೂ ಎಡವಿವೆ.

ಹ್ಯಾಮಿಲ್ಟನ್ ಗೆಲುವುಗಳು ನೂರು ದಾಟಿವೆ, ಶುಮಾಕರ್‌ ಗೆದ್ದದ್ದು 91. ಫಾಂಜಿಯೋ ಗೆದ್ದದ್ದು ಬರೀ 24. ಆದರೆ ಅವರು ಸ್ಪರ್ಧಿಸಿದ್ದು 51 ರೇಸ್‌ಗಳಲ್ಲಿ. ಎಂದರೆ ಹೆಚ್ಚುಕಡಿಮೆ ಎರಡಕ್ಕೊಂದು ಗೆಲುವು. 1950ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗಿದ್ದದ್ದು 7 ರೇಸ್, 2024ರಲ್ಲಿ 24. ಅಂದು ಗೆಲುವಿಗೆ 8 ಅಂಕ, ಇಂದು 25. ಹೀಗಿರುವಾಗ ಒಟ್ಟು ಮೊತ್ತವನ್ನು ಪಕ್ಕಪಕ್ಕ ಇಟ್ಟರೆ ತಿಳಿಯುವುದು ಕ್ರೀಡೆ ಬೆಳೆದ ಬಗೆ, ಚಾಲಕನ ಕೈಚಳಕವಲ್ಲ.

ಪ್ರಶಸ್ತಿಯೂ ಪೂರ್ತಿ ನಂಬುವಂಥದ್ದಲ್ಲ. 1958ರಲ್ಲಿ ಸ್ಟರ್ಲಿಂಗ್ ಮಾಸ್ 4 ರೇಸ್ ಗೆದ್ದರು, ಮೈಕ್ ಹಾಥಾರ್ನ್ ಒಂದೇ ಒಂದು. ಪೋರ್ಚುಗಲ್‌ನಲ್ಲಿ ಹಾಥಾರ್ನ್ ಅನರ್ಹರಾಗುವುದರಲ್ಲಿದ್ದಾಗ ಅವರ ಪರವಾಗಿ ಸಾಕ್ಷಿ ಹೇಳಿದವರು ಮಾಸ್. ಕೊನೆಗೆ ಒಂದು ಅಂಕದಿಂದ ಚಾಂಪಿಯನ್ ಆದವರು ಹಾಥಾರ್ನ್. ಮಾಸ್ ಎಂದೂ ಆಗಲಿಲ್ಲ. 1988ರಲ್ಲಿ ಪ್ರಾಸ್ಟ್ ಒಟ್ಟು 105 ಅಂಕ ಗಳಿಸಿದರು, ಸೆನ್ನಾ 94. ಅತ್ಯುತ್ತಮ 11 ಫಲಿತಾಂಶಗಳನ್ನಷ್ಟೇ ಎಣಿಸುವ ನಿಯಮದಿಂದ ಪ್ರಶಸ್ತಿ ಸೆನ್ನಾ ಪಾಲಾಯಿತು.

ಹಾಗೆಂದು ಗತವೈಭವದ ಪಂಥವನ್ನೂ ಒಪ್ಪಲಾಗದು. ಅಂದು ರೇಸ್ ನಡುವೆಯೇ ಕಾರು ಬದಲಿಸಿಕೊಳ್ಳಬಹುದಿತ್ತು. 1956ರಲ್ಲಿ ಮೊಂಜಾದಲ್ಲಿ, ತನಗೂ ಪ್ರಶಸ್ತಿಯ ಅವಕಾಶವಿದ್ದ ಪೀಟರ್ ಕಾಲಿನ್ಸ್ ತನ್ನ ಫೆರಾರಿಯನ್ನು ಫಾಂಜಿಯೋಗೆ ಬಿಟ್ಟುಕೊಟ್ಟರು. ಆ ವರ್ಷದ ಚಾಂಪಿಯನ್ ಫಾಂಜಿಯೋ.

ಅದೇ ಫಾಂಜಿಯೋ ಮರುವರ್ಷ ನೂರ್ಬರ್ಗ್‌ರಿಂಗ್‌ನಲ್ಲಿ ಮಾಡಿದ್ದಕ್ಕೆ ಯಾವ ರಿಯಾಯಿತಿಯೂ ಬೇಕಿಲ್ಲ. ಸುತ್ತೊಂದಕ್ಕೆ ಸುಮಾರು 22.8 ಕಿಲೋಮೀಟರ್. ಅರ್ಧ ಟ್ಯಾಂಕ್ ಇಂಧನದಲ್ಲಿ ಹೊರಟ ಮಾಸೆರಾಟಿ ನಡುವೆ ಪಿಟ್‌ಗೆ ಬಂತು, ಕೆಲಸ ತಡವಾಯಿತು. ಮತ್ತೆ ಹೊರಟಾಗ ಹಾಥಾರ್ನ್, ಕಾಲಿನ್ಸ್ ಮುಕ್ಕಾಲು ನಿಮಿಷಕ್ಕೂ ಹೆಚ್ಚು ಮುಂದಿದ್ದರು. 46ರ ಫಾಂಜಿಯೋ ಸುತ್ತಿನ ದಾಖಲೆಯನ್ನು ಮತ್ತೆ ಮತ್ತೆ ಮುರಿಯುತ್ತ 9 ನಿಮಿಷ 17.4 ಸೆಕೆಂಡಿಗೆ ಇಳಿಸಿದರು. ಅವರದೇ ಪೋಲ್ ಸಮಯಕ್ಕಿಂತ 8 ಸೆಕೆಂಡು ಕಡಿಮೆ. ಇಬ್ಬರನ್ನೂ ಹಿಂದಿಕ್ಕಿ 3.6 ಸೆಕೆಂಡಿನಿಂದ ಗೆದ್ದರು. ಅದೇ ಅವರ ಕೊನೆಯ ಗೆಲುವು.

ಕಾರಿನ ಬಲವನ್ನೂ ಚಾಲಕನ ಬಲವನ್ನೂ ಬೇರ್ಪಡಿಸಲು ಸಂಶೋಧಕರೂ ಯತ್ನಿಸಿದ್ದಾರೆ. 2016ರಲ್ಲಿ ಷೆಫೀಲ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದು ಫಾಂಜಿಯೋಗೆ ಮೊದಲ ಸ್ಥಾನ ಕೊಟ್ಟಿತು. ಫಲಿತಾಂಶದಲ್ಲಿ ಚಾಲಕನಿಗಿಂತ ತಂಡದ ಪಾಲೇ ಬಹಳ ದೊಡ್ಡದೆಂದೂ ಹೇಳಿತು. 2020ರಲ್ಲಿ ಫಾರ್ಮುಲಾ ಒನ್ ಮತ್ತು ಅಮೆಜಾನ್ ಸೇರಿ ಅರ್ಹತಾ ಸುತ್ತುಗಳ ವೇಗವನ್ನಷ್ಟೇ ಅಳೆದಾಗ ಸೆನ್ನಾ ಮೊದಲಿಗರಾದರು, ಒಂದೇ ರೇಸ್ ಗೆದ್ದ ಕೊವಲೈನೆನ್ ಎಂಟನೆಯವರಾದರು. ಅಳತೆ ಬದಲಾದರೆ ಶ್ರೇಷ್ಠನೂ ಬದಲಾಗುತ್ತಾನೆ.

ಯಾವ ಅಳತೆಗೂ ಸಿಗದ್ದು ಸಾವಿನ ಭಯ. 72 ರೇಸ್‌ಗಳಲ್ಲಿ 25 ಗೆದ್ದ ಜಿಮ್ ಕ್ಲಾರ್ಕ್ 1968ರ ಏಪ್ರಿಲ್ 7ರಂದು ಹಾಕೆನ್‌ಹೈಮ್‌ನಲ್ಲಿ, 32ನೆಯ ವಯಸ್ಸಿಗೆ ತೀರಿಕೊಂಡರು. ಅವರ ಪಟ್ಟಿ ಅರ್ಧಕ್ಕೇ ನಿಂತದ್ದು ಪ್ರತಿಭೆಯ ಕೊರತೆಯಿಂದಲ್ಲ.

ಆದ್ದರಿಂದ ಚಾಲಕನನ್ನು ಅಳೆಯಬೇಕಾದದ್ದು ಅವನ ಕಾಲದವರೊಡನೆ, ಮುಖ್ಯವಾಗಿ ಅದೇ ಕಾರು ಓಡಿಸಿದ ಸಹಚಾಲಕನೊಡನೆ. ಆ ಪರೀಕ್ಷೆಯಲ್ಲಿ ಫಾಂಜಿಯೋ, ಕ್ಲಾರ್ಕ್, ಸೆನ್ನಾ, ಶುಮಾಕರ್, ಹ್ಯಾಮಿಲ್ಟನ್ ಎಲ್ಲರೂ ಗೆದ್ದವರೇ. ಇವರನ್ನು ಒಂದರಿಂದ ಐದರವರೆಗೆ ಸಾಲಾಗಿ ನಿಲ್ಲಿಸುವ ನ್ಯಾಯವಾದ ಅಳತೆ ಇಲ್ಲ. ಇದೆಯೆಂದು ಹೇಳುವ ಯಾವ ಪಟ್ಟಿಯನ್ನೂ ನಂಬಬೇಡಿ.