‘ಏಲಿಯನ್’ ಚಿತ್ರಮಾಲೆ: ಸ್ವೋಪಜ್ಞತೆಯೂ ಗತಸ್ಮರಣೆಯೂ

1979ರಲ್ಲಿ ತೆರೆಕಂಡ ರಿಡ್ಲಿ ಸ್ಕಾಟ್ ಅವರ ‘ಏಲಿಯನ್’ ಚಿತ್ರದ ಕಥಾವಸ್ತು ಸ್ವೋಪಜ್ಞವಾದುದೇನಲ್ಲ. ವ್ಯೋಮನೌಕೆಯೊಳಗೆ ನುಸುಳಿದ ಅನ್ಯಗ್ರಹದ ಪ್ರಾಣಿಯೊಂದು ಅಲ್ಲಿಯವರನ್ನು ಕೊಲ್ಲುತ್ತ ಹೋಗುವ ಕಥೆ 1958ರ ‘ಇಟ್! ದಿ ಟೆರರ್ ಫ್ರಮ್ ಬಿಯಾಂಡ್ ಸ್ಪೇಸ್’ ಚಿತ್ರದಲ್ಲಿಯೇ ಬಂದಿದ್ದಿತು. ಸ್ಕಾಟರ ಚಿತ್ರದ ಹೊಸತನವಿರುವುದು ಬೇರೆಡೆಯಲ್ಲಿ. ಸ್ವಿಟ್ಜರ್ಲೆಂಡಿನ ಕಲಾವಿದ ಎಚ್. ಆರ್. ಗೀಗರ್ ರೂಪಿಸಿದ ಪ್ರಾಣಿಯು ಪ್ರೇಕ್ಷಕರು ಅದುವರೆಗೆ ಕಂಡರಿಯದಂಥದು. ಅದಕ್ಕಿಂತಲೂ ಮುಖ್ಯವಾಗಿ, ಆ ನೌಕೆಯ ಜನರು ವೀರರಲ್ಲ. ಸರಕು ಸಾಗಿಸಿ ಹೊಟ್ಟೆ ಹೊರೆಯುವ, ಬೋನಸ್ಸಿನ ಪಾಲಿಗಾಗಿ ಗೊಣಗುವ ನೌಕರರು. ಪ್ರಾಣಿಯನ್ನು ತರಬೇಕು, ನೌಕರರು ಸತ್ತರೂ ಚಿಂತೆಯಿಲ್ಲ ಎಂಬುದು ಅವರ ಕಂಪೆನಿಯ ಗುಪ್ತ ಆಜ್ಞೆ. ಚರಿತ್ರೆಯ ವಿದ್ಯಾರ್ಥಿಗೆ ಆ ಪ್ರಾಣಿಗಿಂತಲೂ ಈ ಆಜ್ಞೆಯೇ ಹೆಚ್ಚು ಭಯಾನಕವಾಗಿ ತೋರುವುದು. ಇಂತಹ ಕಂಪೆನಿಗಳನ್ನು ನಾವು ಕಲ್ಪಿಸಿಕೊಳ್ಳಬೇಕಾದುದಿಲ್ಲವಷ್ಟೆ.

ಜೇಮ್ಸ್ ಕ್ಯಾಮರಾನ್ 1986ರಲ್ಲಿ ಈ ವಸ್ತುವನ್ನು ಯುದ್ಧಕಥೆಯಾಗಿ ಮಾರ್ಪಡಿಸಿದರು. 1992ರಲ್ಲಿ ಡೇವಿಡ್ ಫಿಂಚರ್ ಆ ಯುದ್ಧದಿಂದ ಪಾರಾಗಿ ಬಂದ ಬಾಲಕಿಯನ್ನು ತಮ್ಮ ಚಿತ್ರದ ಆರಂಭದಲ್ಲಿಯೇ ಸಾಯಿಸಿದರು. ಇದು ಅನೇಕರಿಗೆ ರುಚಿಸಲಿಲ್ಲ. ಆದರೂ ಇವರಿಬ್ಬರೂ ಪಿತ್ರಾರ್ಜಿತವನ್ನು ಕುಳಿತು ಉಂಡವರಲ್ಲ.

ಫೆಡೆ ಆಲ್ವಾರೆಸ್ ಅವರ ‘ಏಲಿಯನ್: ರೋಮುಲಸ್’ (2024) ಚಿತ್ರದ ವಿಷಯದಲ್ಲಿ ಹೀಗೆ ನಿಸ್ಸಂಕೋಚವಾಗಿ ಹೇಳಲಾಗದು. ಮೊದಲ ಚಿತ್ರದಲ್ಲಿ ಯಂತ್ರಮಾನವನ ಪಾತ್ರ ವಹಿಸಿದ್ದ ಇಯಾನ್ ಹೋಮ್ 2020ರಲ್ಲಿ ತೀರಿಕೊಂಡರು. ಅವರ ಮುಖವನ್ನು ಈ ಚಿತ್ರದಲ್ಲಿ ಕೃತಕವಾಗಿ ಮರಳಿ ತರಲಾಗಿದೆ. ಕುಟುಂಬದವರ ಒಪ್ಪಿಗೆಯಿದ್ದಿತು, ಒಂದೇ ಅಚ್ಚಿನ ಯಂತ್ರಮಾನವರು ಹಲವರಿರಬಹುದೆಂಬ ಸಮರ್ಥನೆಯೂ ಕಥೆಯೊಳಗೆ ಉಂಟು. ತರ್ಕಕ್ಕೆ ಇದು ಸಾಕು, ರಸಕ್ಕೆ ಸಾಲದು. 1979ರಲ್ಲಿ ಆತನು ಮನುಷ್ಯನಲ್ಲವೆಂಬುದು ಹೊಡೆತಕ್ಕೆ ತಲೆ ಕಳಚಿದಾಗಲೇ ತಿಳಿದು ಪ್ರೇಕ್ಷಕನು ಬೆಚ್ಚಿದ್ದನು. ಈಗ ಅದೇ ಮುಖವನ್ನು ಕಂಡೊಡನೆ ಗುರುತು ಹಿಡಿದು ಹಿಗ್ಗುವನು. ಭಯದ ಸ್ಥಾನವನ್ನು ಪರಿಚಯದ ಸಂತೋಷವು ಆಕ್ರಮಿಸುತ್ತದೆ. 1986ರ ಚಿತ್ರದಲ್ಲಿ ಅನಾಥ ಬಾಲಕಿಯನ್ನು ಮಗಳೆಂದು ಬಗೆದ ರಿಪ್ಲಿಯ ಬಾಯಿಂದ ಹೊರಟ ಪ್ರಸಿದ್ಧ ಬೈಗುಳವನ್ನು ಇಲ್ಲಿ ಇನ್ನೊಬ್ಬರಿಂದ ಆಡಿಸಿರುವುದೂ ಇದೇ ಬಗೆಯದು. ಅದನ್ನು ಕೇಳುವಾಗ ನನಗಂತೂ ಮುಜುಗರವೇ ಆಯಿತು.

ಹಾಗೆಂದು ಚಿತ್ರವನ್ನು ಪೂರ್ತಿಯಾಗಿ ತಳ್ಳಿಹಾಕುವುದು ನ್ಯಾಯವಲ್ಲ. ಕರಾರಿನ ಅವಧಿ ಮುಗಿಯಿತೆಂದು ಬಿಡುಗಡೆ ಕೇಳಲು ಬಂದ ಯುವತಿಗೆ ಕಛೇರಿಯ ಗುಮಾಸ್ತೆಯು ಅವಧಿ ಹೆಚ್ಚಿರುವುದನ್ನು ತಿಳಿಸಿ, ಗಣಿಗೆ ಹೋಗೆಂದು ಹೇಳುವ ದೃಶ್ಯವು ಮೊದಲ ಚಿತ್ರದ ಹುರುಳನ್ನು ಹಿಡಿದಿದೆ. ಅದರ ಮಾತನ್ನಾಗಲಿ ಮುಖವನ್ನಾಗಲಿ ಎರವಲು ಪಡೆದಿಲ್ಲ. ಪ್ರಾಣಿಯ ರಕ್ತವು ಲೋಹವನ್ನೂ ಕರಗಿಸುವ ಆಮ್ಲವೆಂಬುದು 1979ರಿಂದಲೂ ತಿಳಿದ ಸಂಗತಿ. ಆಲ್ವಾರೆಸ್ ಅವರು ನಿಲ್ದಾಣದ ಗುರುತ್ವಾಕರ್ಷಣೆಯನ್ನೇ ನಿಲ್ಲಿಸಿ, ಆ ರಕ್ತವು ಸುರುಳಿಸುರುಳಿಯಾಗಿ ಗಾಳಿಯಲ್ಲಿ ತೇಲುತ್ತಿರಲು ಯುವತಿಯು ಅದರ ನಡುವೆ ಮೈ ಸೋಕಿಸದೆ ಸಾಗುವುದನ್ನು ತೋರಿಸಿದ್ದಾರೆ. ಈ ಮಾಲೆಯ ಹಿಂದಿನ ಚಿತ್ರಗಳಲ್ಲಿ ಇಂತಹ ದೃಶ್ಯವಿಲ್ಲ.