ಅಗಸ್ಟೀನರ ಹೃದಯ, ಹೆಸರಿಲ್ಲದ ತಾಯಿ

ಸಂತ ಅಗಸ್ಟೀನರ 'ಕನ್ಫೆಷನ್ಸ್' ಎಂದೊಡನೆ ಮಾನವ ಹೃದಯದ ಅಶಾಂತಿಯನ್ನು ಕುರಿತ ಅದರ ಆರಂಭದ ಮಾತು ನೆನಪಾಗುತ್ತದೆ. ಪ್ರಬೋಧನೆಗಳಲ್ಲಿ ನಾವು ಗುರುಗಳು ಅದನ್ನು ಎಷ್ಟು ಬಳಸಿದ್ದೇವೆಂದರೆ, ಗ್ರಂಥದ 13 ಭಾಗಗಳನ್ನು ಓದುವ ಅಗತ್ಯವೇ ಇಲ್ಲವೆಂಬಂತಾಗಿದೆ.

ಹಿಪ್ಪೋದ ಧರ್ಮಾಧ್ಯಕ್ಷರಾಗಿ ಅವರು 397ರ ಸುಮಾರಿಗೆ ಬರೆಯತೊಡಗಿದ ಈ ಕೃತಿಯಲ್ಲಿ ಹೃದಯವೆಂದರೆ ಬರಿಯ ಭಾವನೆಯಲ್ಲ. ಪವಿತ್ರ ಗ್ರಂಥದಲ್ಲಿರುವಂತೆ ಅದು ಆಲೋಚಿಸುವ, ನೆನೆಯುವ, ನಿರ್ಧರಿಸುವ, ದೇವರ ಮುಂದೆ ನಿಲ್ಲುವ ಅಂತರಂಗ. ಈ ಅರ್ಥವನ್ನು ಹಿಡಿದು ಓದಿದರೆ ಗ್ರಂಥದ ಬಲವೂ ಕಾಣುತ್ತದೆ, ಕೊರತೆಯೂ ಕಾಣುತ್ತದೆ.

ನಾಲ್ಕನೆಯ ಭಾಗವನ್ನೇ ನೋಡಿ. ಯೌವನದ ಗೆಳೆಯನೊಬ್ಬ ಜ್ವರದಿಂದ ತೀರಿಕೊಂಡಾಗ ಹುಟ್ಟೂರೂ ಮನೆಯೂ ಅವರಿಗೆ ಅಸಹನೀಯವಾಗುತ್ತವೆ. ಅತ್ತು ಸುಮ್ಮನಾಗದೆ ಅವರು ತಮ್ಮ ದುಃಖವನ್ನೇ ವಿಚಾರಣೆಗೆ ಒಳಪಡಿಸುತ್ತಾರೆ. ನೊಂದವನಿಗೆ ಕಣ್ಣೀರು ಹಿತವೆನಿಸುವುದೇಕೆ, ಸಾಯಲಿರುವವನನ್ನು ಸಾವಿಲ್ಲದವನೆಂಬಂತೆ ಪ್ರೀತಿಸಿದ್ದೇಕೆ ಎಂದು ಪುಟಪುಟಗಳಲ್ಲಿ ಕೆದಕುತ್ತಾರೆ. ಹೃದಯವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಪರೀಕ್ಷಿಸಿದ ಬರಹ ಆ ಕಾಲದಲ್ಲಿ ವಿರಳ.

ಆರನೆಯ ಭಾಗಕ್ಕೆ ಬಂದಾಗ ಆ ನಿಷ್ಠುರತೆ ಸಡಿಲಗೊಳ್ಳುತ್ತದೆ. ಅಗಸ್ಟೀನರಿಗೆ ಮಿಲಾನಿನಲ್ಲಿ ಅನುಕೂಲಸ್ಥ ಮನೆತನದ ಕನ್ಯೆಯೊಂದಿಗೆ ವಿವಾಹ ನಿಶ್ಚಯವಾಗುತ್ತದೆ. ಸುಮಾರು ಹದಿನೈದು ವರ್ಷ ಜೊತೆಗೆ ಬಾಳಿ, ಮಗನನ್ನು ಹೆತ್ತಾಕೆಯನ್ನು ಆಗ ದೂರಮಾಡಲಾಗುತ್ತದೆ. 'ಮಾಡಲಾಗುತ್ತದೆ' ಎಂದು ನಾನು ಬರೆದದ್ದು ಅವರ ಧಾಟಿಯಲ್ಲೇ. ತಾವು ಕಳುಹಿಸಿದೆನೆಂದು ಅವರು ಹೇಳುವುದಿಲ್ಲ. ಹೃದಯ ಸೀಳಿ ರಕ್ತ ಸುರಿಯಿತೆಂದು ಒಪ್ಪಿಕೊಳ್ಳುತ್ತಾರೆ. ಮದುವೆಗೆ ಎರಡು ವರ್ಷ ಕಾಯಲಾರದೆ ಬೇರೊಬ್ಬಳನ್ನು ಕೂಡಿಕೊಂಡದ್ದನ್ನೂ ಮರೆಮಾಚುವುದಿಲ್ಲ. ಆ ಪ್ರಾಮಾಣಿಕತೆಗೆ ನಾನು ತಲೆಬಾಗುತ್ತೇನೆ. ಆದರೆ ಗೆಳೆಯನ ಸಾವಿನ ಬಗ್ಗೆ ಕೇಳಿದಂತಹ ಪ್ರಶ್ನೆಗಳು ಇಲ್ಲಿಲ್ಲ. ಕೆಲವೇ ವಾಕ್ಯಗಳಲ್ಲಿ ಪ್ರಸಂಗ ಮುಗಿಯುತ್ತದೆ.

ಆಕೆಯ ಹೆಸರನ್ನು ಹೇಳದಿರುವುದನ್ನು ನಾನು ದೊಡ್ಡ ತಪ್ಪೆನ್ನಲಾರೆ; ಆ ಗೆಳೆಯನ ಹೆಸರೂ ಗ್ರಂಥದಲ್ಲಿಲ್ಲ. ನನ್ನನ್ನು ಕಾಡುವುದು ಬೇರೆ. ತನ್ನ ಗಾಯವನ್ನು ಅಳೆದ ಹೃದಯ ತಾನು ಮಾಡಿದ ಗಾಯದ ಆಳಕ್ಕೆ ಇಳಿಯಲಿಲ್ಲ. ಪಾಪನಿವೇದನೆಯ ಪೀಠದಲ್ಲಿ ವರ್ಷಗಟ್ಟಲೆ ಕುಳಿತವನಿಗೆ ಈ ಮೌನ ಅಪರಿಚಿತವಲ್ಲ.

ಇನ್ನೊಬ್ಬ ಪುರುಷನನ್ನು ಅರಿಯೆನೆಂದು ದೇವರಿಗೆ ಹರಕೆ ಹೊತ್ತು, ಮಗನನ್ನು ತಂದೆಯ ಬಳಿ ಬಿಟ್ಟು ಆಕೆ ಆಫ್ರಿಕಕ್ಕೆ ಹಿಂದಿರುಗಿದಳು. 387ರ ಪಾಸ್ಖ ಜಾಗರಣೆಯ ರಾತ್ರಿ ಮಿಲಾನಿನಲ್ಲಿ ಸಂತ ಅಂಬ್ರೋಸರಿಂದ ಅಗಸ್ಟೀನರೂ ಮಗ ಆದೆಯೊದಾತುಸನೂ ಜ್ಞಾನಸ್ನಾನ ಪಡೆದಾಗ ಆ ತಾಯಿ ಅಲ್ಲಿರಲಿಲ್ಲ.